ಎರಡು ಮೊಳದ ಕಪಾಟು

“ಮುಂದಿನ ಬಾಗಿಲು ತೆಗೆಯಕ್ಕಾಗಲ್ಲ, ಹಿತ್ತಿಲಿಂದ ಬಾರೇ” ಎಂದು ಚಿಕ್ಕಮ್ಮ ಕಿಟಕಿಯಿಂದಲೇ ಕೂಗುತ್ತಾಳೆ.

ಒಳಗೆ ಕಾಲಿಟ್ಟರೆ ಕಾರಣ ಗೊತ್ತಾಗುತ್ತದೆ. ಮೈಸೂರಿನ ಸರಸ್ವತಿಪುರಂನ ಈ ಮನೆಯ ಹಾಲಿನಲ್ಲಿ ಕೆಂಪು ಗಾರೆ ನೆಲವೇ ಕಾಣುತ್ತಿಲ್ಲ. ಹಳೆಯ ಬೆಡ್‌ಶೀಟುಗಳನ್ನು ಹಾಸಿ ಅವುಗಳ ಮೇಲೆ ಅಡುಗೆ ಪುಸ್ತಕಗಳನ್ನು ಸುರಿದಿದ್ದಾಳೆ. ಮುಂಬಾಗಿಲಿಗೆ ಒರಗಿಸಿ ಪೇರಿಸಿದ್ದು ಒಂದು ಸಾಲು, ದಿವಾನದ ಮೇಲೆ ಒಂದು, ಹೊಲಿಗೆ ಮೆಷಿನ್ನಿನ ಮೇಲೆ ಇನ್ನೊಂದು. ಹಳೇ ಕಾಗದದ ವಾಸನೆ, ಅದರ ಒಳಗಿಂದ ಇಂಗಿನ ವಾಸನೆ. ಫ್ಯಾನ್ ಹಾಕಲು ಕೈ ಎತ್ತಿದರೆ ಬೇಡ ಅನ್ನುತ್ತಾಳೆ. ಬಿಡಿ ಹಾಳೆಗಳಿವೆ, ಹಾರಿದರೆ ಕಾಯಿಹೋಳಿಗೆಯ ಹೂರಣ ಯಾವ ಪುಸ್ತಕದ್ದು, ಕಣಕ ಯಾವ ಪುಸ್ತಕದ್ದು ಎಂದು ಸಂಜೆಯವರೆಗೂ ಹುಡುಕಬೇಕು.

ಅಡುಗೆಮನೆ ಒಡೆಸುತ್ತಿದ್ದಾರೆ. ಗೋಡೆಯುದ್ದಕ್ಕೂ ಇದ್ದ ಕಡಪಾ ಕಲ್ಲಿನ ಕಪಾಟು ಹೋಗಿ, ಹೊಸ ಮಾದರಿಯ ಮುಚ್ಚು ಕಪಾಟು ಬರಲಿದೆ. ಅದರಲ್ಲಿ ಪುಸ್ತಕಕ್ಕೆ ಅಂತ ಬಡಗಿ ಬಿಟ್ಟಿರುವ ಜಾಗ, ಚಿಕ್ಕಮ್ಮ ತನ್ನದೇ ಮೊಳಕೈಯಿಂದ ಅಳೆದು ನೋಡಿದ ಪ್ರಕಾರ, ಎರಡು ಮೊಳ. ಸಂಜೆ ಅವನು ಬರುವುದರೊಳಗೆ ಎರಡು ಮೊಳಕ್ಕೆ ಇಳಿಯಬೇಕು.

“ಒಟ್ಟು ಎಷ್ಟಿವೆ ಚಿಕ್ಕಮ್ಮ?”

“ಎಣಿಸಬೇಡ. ನಿಮ್ಮ ಚಿಕ್ಕಪ್ಪಂಗೆ ಕೇಳಿಸತ್ತೆ.”

ಚಿಕ್ಕಪ್ಪ ವರಾಂಡದಲ್ಲಿ ಪೇಪರ್ ಹಿಡಿದು ಕೂತಿದ್ದಾರೆ. ಬಹಳ ಹೊತ್ತಿನಿಂದ ಪುಟ ತಿರುಗಿಸಿಲ್ಲ.

ನಾನು ನೆಲದಲ್ಲಿ ಜಾಗ ಮಾಡಿಕೊಂಡು ಕೂರುತ್ತೇನೆ. ಈ ಪುಸ್ತಕಗಳು ಬಂದ ದಾರಿ ಅವುಗಳ ಮೈಮೇಲೇ ಬರೆದಿದೆ. ದಸರಾ ವಸ್ತುಪ್ರದರ್ಶನದಲ್ಲಿ ಕೊಂಡವುಗಳ ಮೇಲೆ ಚಿಕ್ಕಮ್ಮನ ಸಹಿ, ಇಸವಿ. ಗೃಹಪ್ರವೇಶಕ್ಕೆ ಬಂದವುಗಳ ಮೊದಲ ಪುಟದಲ್ಲಿ ‘ಪ್ರೀತಿಪೂರ್ವಕ ಉಡುಗೊರೆ’. ಪ್ರೆಶರ್ ಕುಕ್ಕರಿನ ಜೊತೆ ಬಂದ ಕೈಪಿಡಿ, ಮಿಕ್ಸಿಯ ಜೊತೆ ಬಂದದ್ದು, ವನಸ್ಪತಿ ಡಬ್ಬಿಯ ಜೊತೆ ಬಂದದ್ದು. ಮಹಿಳಾ ಸಮಾಜದ ಬೆಳ್ಳಿಹಬ್ಬಕ್ಕೆ ಸದಸ್ಯೆಯರೇ ಸೇರಿ ಅಚ್ಚು ಹಾಕಿಸಿದ ತೆಳು ಪುಸ್ತಕ. ಊರಿಗೆ ಊರೇ ಬರೆದಂತಿರುವ ಇಂಥ ಪುಸ್ತಕಗಳಲ್ಲಿ ಒಂದೇ ಗೊಜ್ಜು ಮೂರು ಹೆಸರಿನಲ್ಲಿ ಬರುತ್ತದೆ. ಯಾರ ಪಾಠವನ್ನು ಕೈಬಿಟ್ಟರೂ ಸಮಾಜ ಒಡೆಯುತ್ತಿತ್ತೇನೋ.

ಮೊದಲು ಹೊರಡುವುದು ದಪ್ಪ, ಮಿರುಗುವ ಪುಸ್ತಕಗಳು. ಇಟಲಿ, ಥಾಯ್ಲೆಂಡ್, ಮೊರಾಕ್ಕೊ. ಒಂದೊಂದೂ ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಆ ಮಿರುಗಿಗೆ ಕಾಗದಕ್ಕೆ ಬಳಿದ ಜೇಡಿಯ ಲೇಪ ಕಾರಣ. ಮಳೆಗಾಲದಲ್ಲಿ ಸೂರು ಸೋರಿ ನೀರು ಬಿದ್ದಿದೆ, ಲೇಪ ಕರಗಿ ಪುಟಕ್ಕೆ ಪುಟ ಅಂಟಿ ಒಣಗಿದೆ. ಬಿಡಿಸಲು ಹೋದರೆ ಟೊಮೆಟೊ ಚಿತ್ರದ ಅರ್ಧ ಎದುರಿನ ಪುಟಕ್ಕೆ ಹೋಗುತ್ತದೆ. ಚಿಕ್ಕಮ್ಮ ಇವುಗಳತ್ತ ನೋಡುವುದೂ ಇಲ್ಲ. ಕೈಯಿಂದ ‘ಅತ್ತ’ ಎಂದು ತೋರಿಸುತ್ತಾಳೆ. ಯಾರದೋ ವಿದೇಶ ಪ್ರವಾಸದ ಪ್ರೀತಿ ಗೋಣಿಚೀಲಕ್ಕೆ ಇಳಿಯುತ್ತದೆ.

ಆಮೇಲೆ ಇಂಗ್ಲಿಷಿನ, ಬೇರೆ ಭಾಷೆಗಳ ಹೆಸರಾಂತ ಪುಸ್ತಕಗಳು. ನನಗೆ ಇಲ್ಲಿ ಕೈ ನಡುಗುತ್ತದೆ. ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಮಿಳಿನಲ್ಲಿ ತಂದ ‘ಸಮೈತ್ತುಪ್ಪಾರ್’ನ ಇಂಗ್ಲಿಷ್ ಸಂಪುಟಗಳಿವೆ, ಎಷ್ಟೋ ತಮಿಳು ಮನೆಗಳಲ್ಲಿ ಮದುವೆಯಾದ ಹುಡುಗಿಯ ಪೆಟ್ಟಿಗೆಗೆ ಹಾಕುತ್ತಿದ್ದ ಪುಸ್ತಕ. ಕಮಲಾಬಾಯಿ ಓಗಲೆಯವರ 1970ರ ‘ರುಚಿರಾ’ ಮರಾಠಿಯಲ್ಲೇ ಇದೆ. ಬೆಳಗಾವಿಯ ಗೆಳತಿ ಕೊಟ್ಟದ್ದಂತೆ. ತರಲಾ ದಲಾಲ್ ಅವರ ಪುಸ್ತಕಗಳು ಒಂದು ಕಟ್ಟು, 1974ರಲ್ಲಿ ಬಂದ ಅವರ ಮೊದಲ ಪುಸ್ತಕವೂ ಸೇರಿ.

“ಇವು ಇರಲಿ” ಎಂದು ನಾನು ‘ಇರೋದು’ ಗುಂಪಿಗೆ ಜರುಗಿಸುತ್ತೇನೆ.

ಚಿಕ್ಕಮ್ಮ ಅಷ್ಟೇ ಸಲೀಸಾಗಿ ಈಚೆ ಎಳೆಯುತ್ತಾಳೆ. “ಅಂಗಡೀಲಿ ಈಗಲೂ ಸಿಗೋದನ್ನ ನಾನ್ಯಾಕೆ ಕಾಯ್ಕೊಂಡು ಕೂರಲಿ? ಬೇಕಾದ್ರೆ ನೀನು ತಗೊಂಡು ಹೋಗು.”

ತಗೊಂಡು ಹೋಗುತ್ತೇನೆ. ನನ್ನ ಚೀಲ ಮೊದಲ ಅರ್ಧ ಗಂಟೆಗೇ ತುಂಬಿದೆ.

ಕನ್ನಡದ ಪುಸ್ತಕಗಳ ಸರದಿ ಬಂದಾಗ ಮಾತ್ರ ಅವಳು ಕನ್ನಡಕ ಹಾಕಿಕೊಂಡು, ಬೆನ್ನಿಗೆ ದಿಂಬು ಇಟ್ಟುಕೊಂಡು ಕೂರುತ್ತಾಳೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಉತ್ತರ ಪತ್ರಿಕೆ ತಿದ್ದುವ ಗತ್ತು ಇನ್ನೂ ಇದೆ. ಪುಸ್ತಕ ಕೈಗೆ ಕೊಟ್ಟರೆ ಮುನ್ನುಡಿ ನೋಡುವುದಿಲ್ಲ, ಪರಿವಿಡಿಯಲ್ಲಿ ಬೆರಳಾಡಿಸಿ ನೇರ ಚಕ್ಕುಲಿಯ ಪುಟಕ್ಕೆ ಹೋಗುತ್ತಾಳೆ.

“ಚಕ್ಕುಲಿ ಯಾಕೆ?”

“ಪಾಯಸ ಯಾರು ಬೇಕಾದ್ರೂ ಬರೀಬಹುದು. ಹೆಚ್ಚು ಕಮ್ಮಿ ಆದ್ರೂ ಕುಡಿಯೋ ಹಾಗಿರತ್ತೆ. ಚಕ್ಕುಲಿ ಹಾಗಲ್ಲ, ಬರೆದೋರು ಮಾಡಿದ್ದಾರೋ ಇಲ್ವೋ ಅಂತ ಎರಡು ಸಾಲಿಗೇ ಗೊತ್ತಾಗತ್ತೆ. ಓದು ನೋಡಣ.”

ಓದುತ್ತೇನೆ. ನಾಲ್ಕು ಪಾವು ಅಕ್ಕಿಹಿಟ್ಟು, ಒಂದು ಪಾವು ಹುರಿದ ಉದ್ದಿನ ಹಿಟ್ಟು, ಬೆಣ್ಣೆ, ಎಳ್ಳು, ಇಂಗು, ಉಪ್ಪು. ಹದವಾಗಿ ಕಲಸಿ, ಒರಳಿನಲ್ಲಿ ಒತ್ತಿ, ಎಣ್ಣೆಯಲ್ಲಿ ಕರಿಯಿರಿ.

“ಹದವಾಗಿ ಅಂದ್ರೆ?”

“ಅಷ್ಟೇ ಬರೆದಿದೆ.”

“ಹೋಗೋದಕ್ಕೆ ಹಾಕು.”

ಇನ್ನೊಂದು. ಅದರಲ್ಲಿ ಬೆಣ್ಣೆಯ ಅಳತೆಯಿದೆ, ನೀರಿನದಿಲ್ಲ. ಹೋಗೋದಕ್ಕೆ. ಮಗದೊಂದರಲ್ಲಿ ಅಳತೆಯೆಲ್ಲ ಇದೆ, ಕೊನೆಗೆ ‘ಗರಿಗರಿಯಾದ ಚಕ್ಕುಲಿ ಸವಿಯಲು ಸಿದ್ಧ’ ಎಂಬ ಸಾಲೂ ಇದೆ. ಚಿಕ್ಕಮ್ಮ ಮೂಗು ಮುರಿಯುತ್ತಾಳೆ. ಮಹಿಳಾ ಸಮಾಜದ ಆ ತೆಳು ಪುಸ್ತಕ ಬರುವ ಹೊತ್ತಿಗೆ ನನಗೂ ಬೇಸರ ಬಂದಿದೆ, ಆದರೆ ಅದರ ಪುಟ ಓದುತ್ತ ಹೋದ ಹಾಗೆ ಅವಳು ದಿಂಬು ಬಿಟ್ಟು ಮುಂದಕ್ಕೆ ಬಗ್ಗುತ್ತಾಳೆ. ಯಾರೋ ಒಬ್ಬ ಸದಸ್ಯೆ ಬರೆದಿದ್ದಾರೆ: ಮೊದಲು ಒಂದೇ ಒಂದು ಒತ್ತಿ ನೋಡಬೇಕು. ಒತ್ತುವಾಗಲೇ ಎಳೆ ತುಂಡಾದರೆ ಹಿಟ್ಟಿಗೆ ನೀರು ಸಾಲದು, ಕೈ ಒದ್ದೆ ಮಾಡಿ ನಾದಬೇಕು. ಎಣ್ಣೆಗೆ ಬಿಟ್ಟಮೇಲೆ ಅರಳಿ ಚದುರಿದರೆ ಬೆಣ್ಣೆ ಹೆಚ್ಚಾಗಿದೆ, ಅಕ್ಕಿಹಿಟ್ಟು ಸೇರಿಸಬೇಕು. ಹಲ್ಲಿಗೆ ಗಟ್ಟಿಯಾದರೆ ಬೆಣ್ಣೆ ಕಮ್ಮಿ. ಗುಳ್ಳೆಗಳ ಸದ್ದು ಪೂರ್ತಿ ನಿಂತ ಮೇಲೆ ತೆಗೆದರೆ ತಡವಾಯಿತು.

“ಸುಟ್ಕೊಂಡು ಕಲ್ತೋಳು ಬರೆದಿದ್ದಾಳೆ” ಎನ್ನುತ್ತಾಳೆ ಚಿಕ್ಕಮ್ಮ, ಲೇಖಕಿಯನ್ನು ಏಕವಚನದಲ್ಲೇ ಮನೆಗೆ ಸೇರಿಸಿಕೊಂಡು. ಕಾಗದದ ಹೊದಿಕೆ ಕಿತ್ತುಹೋದ, ಎರಡು ಪಿನ್ನು ತುಕ್ಕು ಹಿಡಿದ ಆ ಪುಸ್ತಕ ಎರಡು ಮೊಳದಲ್ಲಿ ಮೊದಲ ಜಾಗ ಪಡೆಯುತ್ತದೆ.

ಪರೀಕ್ಷೆ ಇನ್ನೊಂದಿದೆ, ಅದು ಪತ್ರೊಡೆ. ಚಿಕ್ಕಮ್ಮ ಹುಟ್ಟಿದ್ದು ಸಾಗರದ ಕಡೆ, ಮಳೆಗಾಲದಲ್ಲಿ ಕೆಸುವಿನ ಎಲೆ ತಿಂದೇ ಬೆಳೆದವಳು. ಒಂದು ದಪ್ಪ ಪುಸ್ತಕದಲ್ಲಿ ಪತ್ರೊಡೆಯ ಹಿಟ್ಟಿಗೆ ಹುಣಸೆಹಣ್ಣೇ ಇಲ್ಲ. “ಓದಿ ಮಾಡಿದೋರ ಗಂಟಲು ಕೆರೆದು ಕೆರೆದು ಏನಾಗಬೇಕು? ಎಲೆ ಒಳಗೆ ಸೂಜಿ ಹಾಗಿರೋ ಕ್ಯಾಲ್ಸಿಯಂ ಆಕ್ಸಲೇಟ್ ಹರಳಿರತ್ತೆ. ಹುಳಿ ಬೀಳದೆ, ಚೆನ್ನಾಗಿ ಬೇಯದೆ ಬಿಡಲ್ಲ ಅದು.” ದಪ್ಪ ಪುಸ್ತಕ ಹಾರಿ ಬಂದು ಗೋಣಿಚೀಲದ ಬಾಯಿಗೆ ಬಡಿದು ನೆಲಕ್ಕೆ ಬೀಳುತ್ತದೆ. ಚಿಕ್ಕಪ್ಪ ವರಾಂಡದಿಂದ ಕೆಮ್ಮುತ್ತಾರೆ.

ಹನ್ನೊಂದಾಗಿದೆ. ಕಾಫಿ ಬರುತ್ತದೆ, ಲೋಟ ಇಡಲು ಜಾಗವಿಲ್ಲದೆ ಕೈಯಲ್ಲೇ ಹಿಡಿದಿದ್ದೇನೆ. ಆಗಲೇ ನನಗೆ ಅದು ಕಾಣುತ್ತದೆ: ನೀಲಿ ಕ್ಯಾಲಿಕೋ ಬೈಂಡಿನ ಪುಸ್ತಕ. ಬೆನ್ನು ಒಡೆದಿದೆ, ಪುಟಗಳಿಗೆ ಎಣ್ಣೆ ಇಳಿದು ಅಕ್ಷರ ಆಚೆಗೂ ಕಾಣುತ್ತಿದೆ. ಹುಳಿಪುಡಿಯ ಪುಟದ ಮೇಲೆ ಅರಿಶಿನದ ಹೆಬ್ಬೆಟ್ಟಿನ ಗುರುತು. ಬಿಸಿಬೇಳೆಬಾತಿನ ಅಂಚಿನಲ್ಲಿ ಚಿಕ್ಕಮ್ಮನ ಅಕ್ಷರ: ಲವಂಗ ಅರ್ಧ ಸಾಕು. ಈ ಮನೆಯಲ್ಲಿ ನಾನು ಉಂಡದ್ದೆಲ್ಲ ಈ ಪುಸ್ತಕದಿಂದಲೇ ಬಂದಿದೆ. ಕೇಳುವುದೇನಿದೆ ಎಂದು ‘ಇರೋದು’ ಗುಂಪಿನ ಮೇಲೆ ಇಡುತ್ತೇನೆ.

ಚಿಕ್ಕಮ್ಮ ಕಾಫಿ ಗುಟುಕರಿಸುತ್ತ ಅದನ್ನು ನೋಡುತ್ತಾಳೆ. “ಅದು ಹೋಗಲಿ.”

“ಚಿಕ್ಕಮ್ಮಾ!”

“ಏನು ಚಿಕ್ಕಮ್ಮ? ಅದರಲ್ಲಿರೋದೆಲ್ಲ ನನ್ನ ಕೈಗೆ ಬಂದಾಗಿದೆ ಕಣೇ. ತೆಗೆದು ನೋಡಿ ಎಷ್ಟು ವರ್ಷ ಆಯ್ತೋ. ಕಲ್ತಾದ್ಮೇಲೂ ಮಗ್ಗಿ ಪುಸ್ತಕ ಇಟ್ಕೋತಾರಾ ಯಾರಾದ್ರೂ?”

“ನೆನಪಿಗೆ?”

“ನೆನಪಿಗೆ ಹುಳಿ ಇದೆಯಲ್ಲ, ಮಧ್ಯಾಹ್ನ ಬಡಿಸ್ತೀನಿ.”

ನನಗೆ ಒಪ್ಪಿಗೆಯಾಗುವುದಿಲ್ಲ, ಈಗಲೂ ಆಗಿಲ್ಲ. ಕಲೆಯಾದ ಪುಸ್ತಕವೇ ನಿಜವಾದ ಅಡುಗೆ ಪುಸ್ತಕ ಅಂದುಕೊಂಡವಳು ನಾನು. ಅವಳ ಲೆಕ್ಕ ಬೇರೆ: ಕೈಗೆ ಬಂದದ್ದಕ್ಕೆ ಪುಸ್ತಕ ಬೇಡ, ಬಾರದ್ದಕ್ಕೆ ಬೇಕು. ಹಾಗಾಗಿಯೇ ‘ಇರೋದು’ ಗುಂಪು ನೋಡನೋಡುತ್ತ ವಿಚಿತ್ರವಾಗುತ್ತಿದೆ. ಅದರಲ್ಲಿ ಈ ಮನೆಯಲ್ಲಿ ಯಾರೂ, ಯಾವತ್ತೂ ಮಾಡದ ಅಡುಗೆಗಳೇ ತುಂಬಿಕೊಳ್ಳುತ್ತಿವೆ.

ಮಂಗರಸನ ‘ಸೂಪಶಾಸ್ತ್ರ’ ಉಳಿಯುತ್ತದೆ. 1500ರ ಆಚೀಚೆಯ ಜೈನ ಕವಿ, ಷಟ್ಪದಿಯಲ್ಲಿ ಅಡುಗೆ ಹೇಳಿದವನು. ಅಳತೆ ಕೇಳಬೇಡಿ, ಛಂದಸ್ಸಿಗೆ ಮಾತ್ರೆಯ ಲೆಕ್ಕ ಸರಿಯಾಗಿದೆ, ಮೆಣಸಿನ ಲೆಕ್ಕ ನಿಮಗೆ ಬಿಟ್ಟದ್ದು. ಚಕ್ಕುಲಿಯ ಪರೀಕ್ಷೆಗೆ ಕೂರಿಸಿದರೆ ಮಂಗರಸ ಖಂಡಿತ ಫೇಲು ಎಂದು ನಾನು ಹೇಳಿದರೆ, “ಅವನಿಗೆ ವಿನಾಯಿತಿ” ಎನ್ನುತ್ತಾಳೆ. 1025ರ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ಕ್ಕೂ ವಿನಾಯಿತಿ, ಬಾವಿ ತೋಡುವುದು, ಗಿಡಮರ ಬೆಳೆಸುವುದು, ಸುಗಂಧ ಮಾಡುವುದರ ಜೊತೆಗೆ ಅಡುಗೆಗೂ ಒಂದು ಅಧ್ಯಾಯ ಇಟ್ಟ ಪುಸ್ತಕ. ಅದರ ಪಕ್ಕದಲ್ಲೇ ಕೆ.ಟಿ. ಅಚಯ ಅವರ 1994ರ ಭಾರತೀಯ ಆಹಾರದ ಇತಿಹಾಸ ಕೂರುತ್ತದೆ. ಇದೇ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕೆಲಸ ಮಾಡಿದ ವಿಜ್ಞಾನಿ. ಚಾವುಂಡರಾಯನ ಕಾಲದ ಇಡ್ಲಿಯಲ್ಲಿ ಉದ್ದು ಮಾತ್ರ ಇತ್ತು, ಅಕ್ಕಿಯಿರಲಿಲ್ಲ, ಹುಳಿಸುವುದೂ ಹಬೆಯಲ್ಲಿ ಬೇಯಿಸುವುದೂ ಕಾಣುವುದಿಲ್ಲ ಎಂದು ಹಳೆಯ ಗ್ರಂಥಗಳನ್ನು ಜಾಲಾಡಿ ಹೇಳಿದವರು. ಚಿಕ್ಕಮ್ಮನಿಗೆ ಆ ಪುಟ ಬಾಯಿಪಾಠ. ಬೆಳಗ್ಗೆ ಇಡ್ಲಿ ಗಟ್ಟಿಯಾದ ದಿನ ಅದನ್ನೇ ಸಾಕ್ಷಿಗೆ ಕರೆಯುತ್ತಾಳೆ.

“ರಾತ್ರಿ ನಿದ್ದೆ ಬರದಿದ್ರೆ ಇವನ್ನ ಓದ್ತೀನಿ” ಎಂದು ಮತ್ತೊಂದು ಪುಸ್ತಕ ಎತ್ತಿ ತೋರಿಸುತ್ತಾಳೆ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅಡುಗೆ ಭಾಗದ ಬಗೆಗಿನದು. “ಗದ್ದೆ ಇಲಿ ಸುಡೋದು ಹೇಗೆ ಅಂತ ರಾಜ ಬರೆದಿದ್ದಾನೆ ಕಣೇ!” ಈರುಳ್ಳಿ ಸೋಕದ ಅಡುಗೆಮನೆಯ ಒಡತಿಯ ಕಣ್ಣು ಮಿನುಗುತ್ತಿದೆ. ಇಲಿಯೂ ಎರಡು ಮೊಳದೊಳಗೆ ಹೋಗುತ್ತದೆ.

ಅಮ್ಮಮ್ಮನ ಕಾಲದ್ದೊಂದು ಸಿಕ್ಕಿದೆ. ಅಂದರೆ ನನ್ನ ಅಮ್ಮನ, ಚಿಕ್ಕಮ್ಮನ ತಾಯಿಯದು. ಮುಖಪುಟವಿಲ್ಲ, ಬರೆದವರು ಯಾರೋ ತಿಳಿಯದು. ಅದರಲ್ಲಿ ಗ್ರಾಮು, ಲೀಟರು ಯಾವುದೂ ಇಲ್ಲ. ಪಾವು, ಅಚ್ಚೇರು, ಸೇರು, ತೊಲ. ಅಂಚಿನಲ್ಲಿ ಅಮ್ಮಮ್ಮನ ಪೆನ್ಸಿಲ್ ಲೆಕ್ಕ. 1958ರಿಂದ ಮೆಟ್ರಿಕ್ ತೂಕ ಬರತೊಡಗಿ 1962ರ ಏಪ್ರಿಲ್‌ಗೆ ಕಡ್ಡಾಯವಾದಾಗ, ದೇಶದ ಅಡುಗೆ ಪುಸ್ತಕಗಳೆಲ್ಲ ಒಮ್ಮೆಗೇ ಹಳೆಯವಾದವು. ಅಂಗಡಿಯವನು ಕಿಲೋ ಅನ್ನುತ್ತಾನೆ, ಪುಸ್ತಕ ಸೇರು ಅನ್ನುತ್ತದೆ. ಅದರಲ್ಲೂ ಯಾವ ಸೇರು? 80 ತೊಲದ ಪಕ್ಕಾ ಸೇರು 933 ಗ್ರಾಂ ತೂಗಿದರೆ, ನಮ್ಮ ಮೈಸೂರು ಸೀಮೆಯ 24 ತೊಲದ ಕಚ್ಚಾ ಸೇರು 280 ಗ್ರಾಮಿನ ಸುಮಾರು. ಗೊತ್ತಿಲ್ಲದೆ ಮೈಸೂರುಪಾಕಿಗೆ ಕೈ ಹಾಕಿದರೆ ತುಪ್ಪದಲ್ಲಿ ಮುಳುಗಬೇಕು. ಅಮ್ಮಮ್ಮ ಪ್ರತಿಯೊಂದಕ್ಕೂ ಲೋಟದಲ್ಲಿ ಅಳೆದು ಬರೆದುಕೊಂಡಿದ್ದಾಳೆ. ಒಂದು ಕಡೆ ಮಾತ್ರ ಸೋತಿದ್ದಾಳೆ: ‘ಒಂದಾಣೆ ಕೊತ್ತಂಬರಿ ಸೊಪ್ಪು’. ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. 1957ರಲ್ಲಿ ನಯಾಪೈಸೆ ಬಂದು ಆಣೆ ಹೋಯಿತು, ಅದರ ಹಿಂದೆಯೇ ಆ ಕಟ್ಟಿನ ಗಾತ್ರವೂ ಹೋಯಿತು.

“ಒಂದಾಣೆಗೆ ಎಷ್ಟು ಬರ್ತಿತ್ತು ಅಂತ ಹೇಳೋರು ಯಾರೂ ಉಳಿದಿಲ್ಲ” ಎನ್ನುತ್ತಾಳೆ ಚಿಕ್ಕಮ್ಮ, ಪುಸ್ತಕವನ್ನು ಮಂಗರಸನ ಪಕ್ಕ ಇಡುತ್ತ. ಈ ಸಲ ನಾನು ಏನೂ ಕೇಳಲಿಲ್ಲ.

ಬಿಡಿ ಹಾಳೆಗಳದೇ ಇನ್ನೊಂದು ಕಥೆ. ‘ಸುಧಾ’ ವಾರಪತ್ರಿಕೆ 1965ರಲ್ಲಿ ಶುರುವಾದಾಗಿನಿಂದ, ಆಮೇಲೆ 1983ರಿಂದ ‘ತರಂಗ’ವೂ ಸೇರಿ, ಈ ಮನೆತನದ ಹೆಂಗಸರು ಕತ್ತರಿ ಆಡಿಸಿದ್ದೇ ಆಡಿಸಿದ್ದು. ಮಕ್ಕಳ ಹಳೇ ಭೂಗೋಳದ ನೋಟ್‌ಬುಕ್ಕಿಗೆ ಮೈದಾ ಅಂಟು ಹಚ್ಚಿ ಅಂಟಿಸಿದ್ದಾರೆ. ಪಿಷ್ಟ ಕಂಡರೆ ಬಿಡದ ಪುಸ್ತಕದ ಹುಳ ಅಂಟು ಇದ್ದಷ್ಟು ಜಾಗವನ್ನು ಅಚ್ಚುಕಟ್ಟಾಗಿ ಮೇದು, ಅಂಟಿಲ್ಲದ್ದನ್ನು ಬಿಟ್ಟುಹೋಗಿದೆ. ಹೀರೇಕಾಯಿ ಸಿಪ್ಪೆಯ ಚಟ್ನಿಯಲ್ಲಿ ‘ಹೀರೇ’ ಇದೆ, ‘ಚಟ್ನಿ’ ಇದೆ, ನಡುವೆ ತೂತು.

ಇದನ್ನಾದರೂ ಎಸೆಯಬಹುದು ಅಂದುಕೊಂಡೆ. ಅಂಟು ಬಿಟ್ಟ ಒಂದು ಹಾಳೆಯನ್ನು ಚಿಕ್ಕಮ್ಮ ತಿರುಗಿಸಿ ಹಿಂಭಾಗ ಓದತೊಡಗಿದ್ದಾಳೆ. ಯಾವುದೋ ಧಾರಾವಾಹಿಯ ಅರ್ಧ ಕಂತು. ನಾಯಕಿ ಬಸ್ ಹತ್ತಿದ್ದಾಳೆ, ಪತ್ರ ಕೈಯಲ್ಲಿದೆ, ಅಲ್ಲಿಗೆ ಕತ್ತರಿ ಬಿದ್ದಿದೆ. “ಇವಳು ವಾಪಸ್ ಬಂದ್ಲಾ?” ಎಂದು ವರಾಂಡದ ಕಡೆ ಕೂಗುತ್ತಾಳೆ. “ಬಂದ್ಲು, ಬಂದ್ಲು. ಕೊನೇ ಕಂತಲ್ಲಿ” ಎಂದು ಚಿಕ್ಕಪ್ಪ ಪೇಪರಿನ ಹಿಂದಿನಿಂದ ಉತ್ತರಿಸುತ್ತಾರೆ. ನಿಜವಾಗಿ ನೆನಪಿದೆಯೋ, ಸುಮ್ಮನಾಗಿಸಲು ಹೇಳಿದರೋ ದೇವರೇ ಬಲ್ಲ. ಆದರೂ ಹಾಳೆ ಚೀಲಕ್ಕೆ ಹೋಯಿತು.

ಊಟದ ನಂತರ ಚೀಲಗಳ ವಿಲೇವಾರಿ. ಅಂಟಿಹೋದವು, ಹುಳ ತಿಂದವು ಹಳೇ ಪೇಪರಿನವನಿಗೆ. ಅವನು ತಕ್ಕಡಿ ಎತ್ತಿ, ದಪ್ಪ ಕಾಗದಕ್ಕೆ ರೇಟು ಕಮ್ಮಿ ಎನ್ನುತ್ತಾನೆ; ಮೊರಾಕ್ಕೊ ದಿನಪತ್ರಿಕೆಗಿಂತ ಅಗ್ಗವಾಗಿ ಹೋಗುತ್ತದೆ. ಚೆನ್ನಾಗಿರುವ ಕನ್ನಡ ಪುಸ್ತಕಗಳನ್ನು ಚಿಕ್ಕಮ್ಮ ಬೇರೆ ಕಟ್ಟುತ್ತಾಳೆ, ತವರೂರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯ ‘ಅರಿವು ಕೇಂದ್ರ’ಕ್ಕೆ. ಚಕ್ಕುಲಿಯಲ್ಲಿ ಫೇಲಾದವನ್ನು ಅಲ್ಲಿಗೆ ಕಳಿಸುವಂತಿಲ್ಲ ಎಂಬ ಷರತ್ತು ಬೇರೆ. ನೀಲಿ ಕ್ಯಾಲಿಕೋ ಪುಸ್ತಕ ಯಾವ ಕಟ್ಟಿನಲ್ಲೂ ಇಲ್ಲದ್ದನ್ನು ಅವಳು ಗಮನಿಸಿದ್ದಾಳೆ. ನನ್ನ ಚೀಲದ ಕಡೆ ಒಮ್ಮೆ ನೋಡಿದಳು, ಮಾತಾಡಲಿಲ್ಲ.

ನಾಲ್ಕು ಗಂಟೆಗೆ ಪಾತ್ರೆ ತೊಳೆಯಲು ಬಂದಾಕೆ ಬಾಗಿಲಲ್ಲೇ ನಿಂತುಬಿಡುತ್ತಾಳೆ. ಮಂಡ್ಯದ ಕಡೆಯವಳು, ವರ್ಷಾನುಗಟ್ಟಲೆಯಿಂದ ಈ ಮನೆಗೆ ಬರುತ್ತಿದ್ದಾಳೆ. “ಅಯ್ಯೋ, ಇಷ್ಟೂ ಬರೀ ಅಡಿಗೇದಾ ಅಮ್ಮಾವ್ರೇ?”

“ನಿಂಗ್ಯಾವುದಾದ್ರೂ ಬೇಕಾ, ನೋಡು. ಮಗಳು ಓದ್ತಾಳಲ್ಲ.”

ಅವಳು ಸೆರಗಿಗೆ ಕೈ ಒರೆಸಿಕೊಂಡು ಒಂದೆರಡು ತಿರುವಿ ಹಾಕುತ್ತಾಳೆ. “ಇದ್ರಲ್ಲಿ ಉಪ್ಸಾರು ಐತಾ?”

ಪರಿವಿಡಿ ನೋಡುತ್ತೇನೆ. ಇಲ್ಲ. ಇನ್ನೊಂದರಲ್ಲೂ ಇಲ್ಲ. ಚಿಕ್ಕಮ್ಮ ‘ಇರೋದು’ ಗುಂಪಿನಿಂದ ಒಂದೊಂದೇ ಎಳೆದು ನೋಡುತ್ತಾಳೆ. ಹನ್ನೆರಡನೆಯ ಶತಮಾನದ ಇಲಿ ಇದೆ, ಅರಮನೆಯ ಅನ್ನಗಳಿವೆ, ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಊರಿನ ಸಾರು ಮಾತ್ರ ಈ ರಾಶಿಯಲ್ಲಿ ಎಲ್ಲೂ ಇಲ್ಲ. ಕನ್ನಡದ ಅಡುಗೆ ಪುಸ್ತಕ ಬಹುಕಾಲ ಯಾರ ಮನೆಯಲ್ಲಿ ಬರೆಸಿಕೊಂಡಿತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಚಿಕ್ಕಮ್ಮನ ಮುಖ ಸಣ್ಣದಾಗಿದೆ. ಎದ್ದುಹೋಗಿ, ಖಾಲಿ ಉಳಿದ ಒಂದು ಹಳೇ ಡೈರಿ ತಂದು, ಪೆನ್ನಿನ ಮುಚ್ಚಳ ತೆಗೆಯುತ್ತಾಳೆ.

“ಹೇಳು, ಬರ್ಕೋತೀನಿ.”

“ಅಯ್ಯೋ, ಅದ್ರಲ್ಲೇನಿದೆ ಅಮ್ಮಾವ್ರೇ ಬರ್ಕೊಳಾಕೆ? ಕಾಳು, ಸೊಪ್ಪು ಉಪ್ಪಾಕಿ ಬೇಯಿಸಿ ಬಸ್ಕೊಳದು. ಬಸ್ದಿದ್ ಕಟ್ಟೇ ಸಾರು. ಕಾರ ಬ್ಯಾರೆ ರುಬ್ಕೊಳದು, ಮುದ್ದೆ ಜೊತೆಗೆ ತಟ್ಟೇಲಿ ಎಷ್ಟು ಬೇಕೋ ಅಷ್ಟು ಕಲಸ್ಕೊಳದು. ಬಸ್ದಿರೋ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ರೆ ಪಲ್ಯ ಆಯ್ತು.”

“ನಿಧಾನ. ಯಾವ ಕಾಳು?”

“ಅವರೆಕಾಳು ಇದ್ರೆ ಅವರೆಕಾಳು. ಹುಳ್ಳಿಕಾಳು, ಅಲಸಂದೆ. ಏನಿರ್ತದೋ ಅದು.”

“ಒಂದು ಪಾವು ಕಾಳಿಗೆ ಸೊಪ್ಪೆಷ್ಟು?”

“ಒಂದು ಕಟ್ಟು.”

“ಯಾವ ಕಟ್ಟು? ಎಷ್ಟು ದಪ್ಪ? ಕೈಯಲ್ಲಿ ತೋರಿಸು.” ಅವಳು ಎರಡೂ ಕೈ ಸೇರಿಸಿ ತೋರಿಸುತ್ತಾಳೆ. ಚಿಕ್ಕಮ್ಮ ಎದ್ದು ಅಳತೆ ಟೇಪು ಹಿಡಿಯುತ್ತಾಳೆ. ಬಡಗಿ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾನೆ, ಯಾರೂ ಅವನ ಕಡೆ ತಿರುಗುತ್ತಿಲ್ಲ.

“ಕಾರಕ್ಕೆ?”

“ಹಸಿಮೆಣಸಿನಕಾಯಿ ಸುಟ್ಕೊಬೇಕು. ಮೆಣಸು, ಜೀರಿಗೆ, ಉಪ್ಪು, ಹುಣಸೆಹಣ್ಣು, ಬೆಳ್ಳುಳ್ಳಿ.”

“ಬೆಳ್ಳುಳ್ಳಿ ಎಷ್ಟು?” ಪೆನ್ನು ಕಾಗದಕ್ಕೆ ಮುಟ್ಟಿಸಿಕೊಂಡೇ ಕೇಳುತ್ತಾಳೆ ಚಿಕ್ಕಮ್ಮ, ಜನ್ಮದಲ್ಲಿ ಬೆಳ್ಳುಳ್ಳಿ ಸುಲಿಯದವಳು.

“ಕೈಗೆ ಬಂದಷ್ಟು.”

“ಕೈಗೆ ಬಂದಷ್ಟು ಅಂತ ಬರೆಯೋ ಪುಸ್ತಕ ಬೆಳಗ್ಗೆಯಿಂದ ಎಸೆದಿದ್ದೀನಿ ಕಣಮ್ಮ. ಎಸಳು ಎಣಿಸಿ ಹೇಳು.”